ಎಮಲೈನಾ ತರ್ಜುಮೆ ಮಾಡಿದ ಕತೆ

ಹವಾಯಿಯ ಆ ದ್ವೀಪದಲ್ಲಿ ಯಾವುದಾದರೂ ಬಂಡೆಯ ಹೆಸರಿಗೋ ಹಳ್ಳದ ಹೆಸರಿಗೋ ತಕರಾರು ಎದ್ದರೆ ಜನ ಒಂದೇ ಮಾತು ಹೇಳುತ್ತಿದ್ದರು: "ಎಮಲೈನಾ ಆಂಟೀನ ಕೇಳಿ." ಅನಾನಸ್ ಕಂಪನಿಯ ಹಳೆಯ ಉಗ್ರಾಣದಲ್ಲಿ ಊರವರು ಮಾಡಿಕೊಂಡಿದ್ದ ಸಂಗ್ರಹಾಲಯದ ಬೀಗದ ಕೈ ಮೂವತ್ತು ವರ್ಷದಿಂದ ಅವಳ ಹತ್ತಿರವೇ ಇತ್ತು. ಶಾಲೆಯಲ್ಲಿ ಹವಾಯಿ ಭಾಷೆ ಕಲಿಸಲು ಯಾರೂ ಇಲ್ಲದಿದ್ದಾಗ ಕಲಿಸಿದವಳೂ ಅವಳೇ. ಎಪ್ಪತ್ತು ದಾಟಿದ ಮೇಲೂ ಪ್ರತಿ ಮಂಗಳವಾರ ಪ್ರವಾಸಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಕವೈಹೂನಾ ಕೊಲ್ಲಿಗೆ ಇಳಿದು, ಅಲ್ಲಿಯ ಕತೆ ಹೇಳಿ ಬರುತ್ತಿದ್ದಳು.

ಕವೈಹೂನಾ ಎಂದರೆ ಬಚ್ಚಿಟ್ಟ ನೀರು. ಮೀನಿಗೆ ಹೋದ ನಲ್ಲ ಮರಳಿ ಬರಲಿಲ್ಲ. ಹುಡುಗಿ ಬಂಡೆಯ ಮೇಲೆ ಕೂತು ಅತ್ತೇ ಅತ್ತಳು. ಆ ಕಣ್ಣೀರು ಕಲ್ಲಿನಡಿ ಇಳಿದು ಸಿಹಿನೀರಿನ ಒರತೆಯಾಯಿತು. ಕೊಲ್ಲಿಯ ಬಾಯಲ್ಲಿ ಈ ಕತೆ ಬರೆದ ಫಲಕವಿತ್ತು. ಶಾಲೆಯ ಮಕ್ಕಳು ಅದಕ್ಕೆ ಹುಲಾ ಕುಣಿಯುತ್ತಿದ್ದರು. ಗುಡ್ಡದ ಮೇಲಿನ ಹೋಟೆಲಿನವರು ಆ ಬಂಡೆಯ ಮುಂದೆ ಪರವೂರಿನ ಜೋಡಿಗಳಿಗೆ ಮದುವೆ ಮಾಡಿಸುತ್ತಿದ್ದರು.

ಆ ಕತೆ ಎಮಲೈನಾ ಕಟ್ಟಿದ್ದು. ಹಾಗೆಂದು ಗೊತ್ತಿದ್ದವರಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ.

ಆಗ ಅವಳಿಗೆ ಹದಿನಾರು ವರ್ಷ. ರಜೆಯಲ್ಲಿ ಅನಾನಸ್ ಕೊಯ್ಲಿಗೆ ಹೋಗುತ್ತಿದ್ದಳು. ಒಂದು ಭಾನುವಾರ ಹೊನೊಲುಲುವಿನಿಂದ ಒಬ್ಬ ಬಿಳಿಯ ಮೇಷ್ಟರು ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ರೆಕಾರ್ಡರ್ ಹೊತ್ತು ಮನೆಗೆ ಬಂದರು. ಊರಿನ ಹಳೆಯ ಹೆಸರುಗಳೆಲ್ಲ ಅವಳ ಅಜ್ಜಿ ಲಿಲಿನೋಯೆಗೆ ಗೊತ್ತು ಎಂದು ಯಾರೋ ಹೇಳಿದ್ದರು. ಅಜ್ಜಿಗೆ ಇಂಗ್ಲಿಷ್ ಬಾರದು, ಮೇಷ್ಟರ ಹವಾಯಿ ಭಾಷೆ ನಾಲ್ಕು ಪದ ದಾಟದು. ನಡುವೆ ಕೂತು ತರ್ಜುಮೆ ಮಾಡುವ ಕೆಲಸ ಎಮಲೈನಾಳ ಪಾಲಿಗೆ ಬಂತು. ಅನಾನಸ್ ಹೊಲದಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ, ಮನೆಗೆ ದೊಡ್ಡ ಮನುಷ್ಯರು ಬಂದ ಹೆಮ್ಮೆಯಲ್ಲಿ ಹೊರಗೆ ಅಂಗಳ ಗುಡಿಸುತ್ತಿದ್ದ.

"ಕವೈಹೂನಾಕ್ಕೆ ಆ ಹೆಸರು ಯಾಕೆ ಬಂತು ಕೇಳಮ್ಮ," ಎಂದರು ಮೇಷ್ಟರು.

ಅಜ್ಜಿ ತಡವರಿಸಲಿಲ್ಲ. "ಬಚ್ಚಿಟ್ಟಿದ್ದು ನಮ್ಮ ಜನಾನೇ. ಮೂರು ವರ್ಷ ಮಳೆ ಇರ್ಲಿಲ್ಲ. ಕುರಿ ಸಾಕೋ ದೊರೆ ಎಲ್ಲಾ ಒರತೆಗೂ ಬೇಲಿ ಹಾಕ್ಕೊಂಡು ಬರ್ತಿದ್ದ. ಅದೊಂದು ಉಳೀಲಿ ಅಂತ ಮೇಲೆ ಚಪ್ಪಡಿ ಎಳೆದು, ಪಾಚಿ ಹರವಿ ಮುಚ್ಚಿದ್ರು. ದೊರೆಗೆ ತೋರಿಸಿಕೊಟ್ಟೋನು ನಮ್ಮಪ್ಪ. ಅವನಿಗೊಂದು ಕಂದು ಕುದುರೆ ಸಿಕ್ತು, ಒರತೆಗೆ ಬೇಲಿ ಬಿತ್ತು. ನಾಲ್ಕು ಮನೆಯೋರು ದೋಣಿ ಹತ್ತಿ ಮಾವಿ ದ್ವೀಪಕ್ಕೆ ಹೋದ್ರು. ಅವತ್ತು ನಾನು ಆ ಕುದುರೆ ಮೇಲೆ ಕೂತು ನೋಡ್ತಿದ್ದೆ."

ಮೇಷ್ಟರು ಪೆನ್ನು ಹಿಡಿದು ಎಮಲೈನಾಳ ಮುಖವನ್ನೇ ನೋಡುತ್ತಿದ್ದರು. ಇವರ ಜನ ತಮ್ಮವರನ್ನೇ ಕುದುರೆಗೆ ಮಾರಿಕೊಂಡರು ಎಂದು ಪುಸ್ತಕದಲ್ಲಿ ಅಚ್ಚಾದರೆ, ತಾನು ಶಾಲೆಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಹಿಂದಿನ ಶನಿವಾರ ಕಂಪನಿಯ ಟಾಕೀಸಿನಲ್ಲಿ ಸಿನಿಮಾ ನೋಡಿದ್ದಳು. ಅದರ ಅಳುವ ನಾಯಕಿಯನ್ನು ಎಳೆತಂದು ಬಂಡೆಯ ಮೇಲೆ ಕೂರಿಸಿದಳು. ಮೇಷ್ಟರ ಕಣ್ಣು ತೇವವಾಯಿತು.

ನಾಲ್ಕು ವರ್ಷಕ್ಕೆ ಪುಸ್ತಕ ಬಂತು. ಕತೆಯ ಕೆಳಗೆ 'ಹೇಳಿದವರು: ಲಿಲಿನೋಯೆ' ಎಂದಿತ್ತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅಪ್ಪ ಹತ್ತು ಪ್ರತಿ ಕೊಂಡು ಬೀದಿಗೆಲ್ಲ ಹಂಚಿದ. ಆಗ ಹೇಳೋಣವೆಂದುಕೊಂಡಳು, ಅಪ್ಪನ ಮುಖ ನೋಡಿ ಬಾಯಿ ಬರಲಿಲ್ಲ. ಮುಂದೆ ಶಾಲೆಯಲ್ಲಿ ಮಕ್ಕಳು ಮೊದಲ ಸಲ ಆ ಹುಲಾ ಕುಣಿದಾಗ ಹೇಳೋಣವೆಂದುಕೊಂಡಳು. ಮಕ್ಕಳ ಅಪ್ಪ ಅಮ್ಮಂದಿರು ಕರವಸ್ತ್ರ ಬಾಯಿಗಿಟ್ಟುಕೊಂಡು ಬಿಕ್ಕುತ್ತಿದ್ದರು. ತಾನು ಕಟ್ಟಿದ ಬೇಲಿಯೊಳಗೆ ತಾನೇ ಸಿಕ್ಕಿಕೊಂಡಿದ್ದಳು. ಒಂದೊಂದು ಮಂಗಳವಾರವೂ ಅದಕ್ಕೊಂದು ಗೂಟ ಹೊಡೆಯುತ್ತ ಹೋದಳು.

ಹೀಗಿರುವಾಗ ಒಂದು ಬುಧವಾರ ನೋಹೆಯಾ ಸಂಗ್ರಹಾಲಯಕ್ಕೆ ಓಡೋಡಿ ಬಂದಳು. ಅನಾನಸ್ ಕೂಲಿಗೆಂದು ಫಿಲಿಪ್ಪೀನ್ಸಿನಿಂದ ಬಂದವರ ಮೊಮ್ಮಗಳು ಅವಳು. ಐದನೇ ವಯಸ್ಸಿನಿಂದ ಎಮಲೈನಾಳ ಹತ್ತಿರವೇ ಹವಾಯಿ ಭಾಷೆ ಕಲಿತು, ಈಗ ಅದೇ ಶಾಲೆಯಲ್ಲಿ ಟೀಚರ್ ಆಗಿದ್ದಳು.

"ಆಂಟಿ, ಏನ್ ಸಿಕ್ಕಿದೆ ಗೊತ್ತಾ? ನಿಮ್ಮ ಅಜ್ಜಿ ಟೇಪು! ಮೇಷ್ಟ್ರು ಸತ್ ಮೇಲೆ ಹೊನೊಲುಲು ಲೈಬ್ರರಿಗೆ ಹೋಗಿತ್ತಂತೆ. ಈಗ ಕಂಪ್ಯೂಟರಿಗೆ ಹಾಕಿ ಕಳ್ಸಿದಾರೆ. ಪೂರ್ತಿ ನಲವತ್ತು ನಿಮಿಷ!"

ಎಮಲೈನಾ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು. "ಹಳೇ ಟೇಪು ಕಣೇ. ಗರಗರ ಅಂತಿರತ್ತೆ. ಏನೂ ಕೇಳ್ಸಲ್ಲ."

"ಸಕ್ಕತ್ ಕ್ಲೀನಾಗಿದೆಯಂತೆ. ಶನಿವಾರ ಊರವರ ಮುಂದೆ ಹಾಕಣ. ನಮ್ಮ ಮಕ್ಕಳೇ ಕೇಳಿ ಬರ್ಕೊಳ್ಲಿ."

"ಮೊದ್ಲು ನಾನೊಬ್ಳೇ ಕೇಳ್ತೀನಿ. ನನ್ನಜ್ಜಿ ಅಲ್ವಾ."

"ಅದೆಂಗಾಗತ್ತೆ ಆಂಟಿ? ನಿಮ್ ಜೊತೆ ಕೂತು ಕೇಳ್ಬೇಕು ಅಂತ ನಾನೂ ಕೇಳ್ದೆ ಇಟ್ಕೊಂಡಿದೀನಿ," ಎನ್ನುತ್ತ ನೋಹೆಯಾ ಲ್ಯಾಪ್‌ಟಾಪ್ ತೆರೆದೇಬಿಟ್ಟಳು.

ಎದ್ದು ಹೋಗಲು ನೆವ ಹುಡುಕಿದಳು ಎಮಲೈನಾ. ಒಂದೂ ಹೊಳೆಯಲಿಲ್ಲ. ಐವತ್ತೈದು ವರ್ಷದ ಮೇಲೆ ಅಜ್ಜಿಯ ದನಿ ಆ ಉಗ್ರಾಣದಲ್ಲಿ ಎದ್ದಿತು. ನೀರು, ಚಪ್ಪಡಿ, ನಮ್ಮಪ್ಪ, ಕಂದು ಕುದುರೆ. ಬರೆದುಕೊಳ್ಳುತ್ತಿದ್ದ ನೋಹೆಯಾಳ ಪೆನ್ಸಿಲು ನಿಂತಿತು. ಅವಳಿಗೆ ಒಂದೊಂದು ಪದವೂ ಅರ್ಥವಾಗುತ್ತಿತ್ತು. ಅರ್ಥವಾಗುವ ಹಾಗೆ ಕಲಿಸಿದವಳು ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಟೇಪಿನಲ್ಲಿ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಸರಾಗವಾಗಿ ಅಳುವ ಕನ್ಯೆಯ ಕತೆ ಹೇಳಿದಳು.

ಅದರ ಬೆನ್ನಿಗೇ ಬಂದದ್ದನ್ನು ಎಮಲೈನಾ ಪೂರಾ ಮರೆತಿದ್ದಳು.

"ಅವರ ಭಾಷೇಲಿ ಅಷ್ಟುದ್ದ ಆಗತ್ತಾ? ನಮ್ಮಪ್ಪನ ವಿಷಯ ಹೇಳ್ದೆ ತಾನೆ?" ಅಜ್ಜಿ ಕೇಳುತ್ತಿದ್ದಳು.

"ಬಾಯ್ಮುಚ್ಕೊಂಡಿರು ಅಜ್ಜೀ. ನಾಚಿಕೆ ಆಗಲ್ವಾ ನಿಂಗೆ?" ಅದೇ ಹುಡುಗಿ ಹವಾಯಿ ಭಾಷೆಯಲ್ಲಿ ಗದರಿದಳು.

ಟೇಪಿನಲ್ಲಿ ಕೋಳಿ ಕೂಗಿತು. ಮೇಷ್ಟರು ಮುಂದಿನ ಹೆಸರು ಕೇಳಿದರು. ಅಜ್ಜಿ, "ಗೊತ್ತಿಲ್ಲ," ಎಂದಳು. ಅದರ ಮುಂದಿನದು ಕೇಳಿದರು. "ಗೊತ್ತಿಲ್ಲ." ಗುಡ್ಡ, ಹಳ್ಳ, ಗವಿ, ಮೀನಿನ ಮಡು, ಒಂದಾದ ಮೇಲೊಂದು. ಟೇಪು ಮುಗಿಯುವವರೆಗೆ ಅಜ್ಜಿಯ ಬಾಯಿಂದ ಬೇರೆ ಮಾತು ಬರಲಿಲ್ಲ.

ಅಜ್ಜಿ ಬದುಕಿದ್ದ ಮಿಕ್ಕ ಎರಡು ವರ್ಷವೂ ಹಾಗೇ ಇದ್ದಳೆಂಬುದು ಎಮಲೈನಾಳಿಗೆ ಆಗ ನೆನಪಾಯಿತು. ವಯಸ್ಸಾಯಿತು, ಮರೆವು ಬಂದಿದೆ ಎಂದು ಮನೆಯವರು ಅಂದುಕೊಂಡಿದ್ದರು. ಒಂದು ಸುಳ್ಳು ಹೇಳಿದೆ ಎಂದಷ್ಟೇ ಎಮಲೈನಾ ಇಷ್ಟು ವರ್ಷ ಕೊರಗಿದ್ದಳು. ಅಜ್ಜಿಯ ಬಾಯಿ ಮುಚ್ಚಿಸಿದ್ದೂ ತಾನೇ.

ನೋಹೆಯಾ ಲ್ಯಾಪ್‌ಟಾಪ್ ಮುಚ್ಚಿ ಮೆಲ್ಲಗೆ ಅಂದಳು: "ಆಂಟಿ... ಟೇಪು ಕೆಟ್ಟೋಗಿದೆ ಅಂತ ಹೇಳ್ಬಿಡ್ತೀನಿ ಬಿಡಿ. ಯಾರಿಗ್ ಗೊತ್ತಾಗತ್ತೆ?"

ಆ ಮಾತಿಗೆ ಎಮಲೈನಾ ಬೆಚ್ಚಿಬಿದ್ದಳು. ತನ್ನ ಮಾನಕ್ಕಾಗಿ ಈ ಹುಡುಗಿ ಸುಳ್ಳು ಹೊರಲು ಸಿದ್ಧಳಾಗಿದ್ದಳು. "ಬೇಡ ಮಗಾ," ಎಂದಳು. "ನನ್ ಗತಿ ನಿಂಗೆ ಬರ್ಬಾರ್ದು. ಶನಿವಾರ ಹಾಕು."

ಶನಿವಾರ ಉಗ್ರಾಣ ತುಂಬಿತ್ತು. ಟೇಪು ಹಾಕುವ ಮೊದಲೇ ಎಮಲೈನಾ ಎದ್ದು ನಿಂತು, ಎರಡು ಭಾಷೆಯಲ್ಲೂ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಯಾರೂ ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಅವಳ ಜೊತೆಗೇ ಓದಿದ್ದ ಸೊಲೊಮನ್ ಗಂಟಲು ಸರಿಮಾಡಿಕೊಂಡ. "ನೋಡು ಎಮ, ನನ್ ಹೆಂಡ್ತಿ ಬೂದಿನ ಅಲ್ಲೇ ಬಿಟ್ಟಿರೋದು. ಆ ಕತೆ ಅಂದ್ರೆ ಅವಳಿಗೆ ಪ್ರಾಣ. ಇಷ್ಟು ದಿನ ಇಟ್ಕೊಂಡಿದ್ದೋಳು ಇನ್ನೊಂದ್ ಹತ್ತು ವರ್ಷ ಇಟ್ಕೊಂಡಿದ್ರೆ ಏನಾಗ್ತಿತ್ತು? ನಾವೂ ಹೋಗ್ಬಿಡ್ತಿದ್ವಿ."

ಹೋಟೆಲಿನ ಮ್ಯಾನೇಜರ್ ನಯವಾಗಿಯೇ ಹೇಳಿದ: ಫಲಕ ಬದಲಾಯಿಸುವ ವಿಚಾರ ಮುಂದೆ ನೋಡೋಣ, ಈ ವರ್ಷದ ಮದುವೆಗಳೆಲ್ಲ ನಿಶ್ಚಯವಾಗಿಬಿಟ್ಟಿವೆ. ಫಲಕ ಅಲ್ಲೇ ಉಳಿಯಿತು. ಮುಂದಿನ ಮಂಗಳವಾರ ಅವಳು ಅದರ ಪಕ್ಕದಲ್ಲೇ ನಿಂತು ಕುರಿ ದೊರೆಯ ಕತೆ ಹೇಳಿದಳು. ಪ್ರವಾಸಿಗಳು ಅವಳ ಮಾತು ಕೇಳುತ್ತ ಫಲಕದ ಫೋಟೋ ತೆಗೆದುಕೊಂಡರು.

ತಿಂಗಳು ಕಳೆದ ಮೇಲೆ ಮಾವಿಯಿಂದ ದೋಣಿಯಲ್ಲಿ ರೋಸಲಿನ್ ಕುಕೋನಾ ಎಂಬ ಮುದುಕಿ ಬಂದಳು. ದ್ವೀಪ ಬಿಟ್ಟ ನಾಲ್ಕು ಮನೆಗಳಲ್ಲಿ ಒಂದು ಅವಳ ಅಜ್ಜಿಯದು. ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಎಮಲೈನಾ ಮತ್ತು ನೋಹೆಯಾ ಅವಳನ್ನು ಕವೈಹೂನಾಕ್ಕೆ ಕರೆದೊಯ್ದರು. ಒರತೆ ಬತ್ತಿ ಯಾವ ಕಾಲವಾಗಿತ್ತೋ. ಬೇಲಿಯ ತುಕ್ಕು ಹಿಡಿದ ತಂತಿ ಮಾತ್ರ ಮುಳ್ಳುಪೊದೆಯಲ್ಲಿ ಸಿಕ್ಕಿಕೊಂಡಿತ್ತು.

"ಅಕ್ಕಾ, ತಪ್ಪಾಯ್ತು," ಎಂದಳು ಎಮಲೈನಾ.

"ನೀವೇನ್ ಕುದುರೆ ಹತ್ತಿದ್ರಾ?" ಎಂದು ಮುದುಕಿ ಅವಳ ಮುಖ ನೋಡದೆಯೇ ಕೇಳಿ, ಕೋಲೂರಿಕೊಂಡು ದಂಡೆಯುದ್ದಕ್ಕೂ ನಡೆದಳು. ಅಜ್ಜಿ ಹೇಳಿದ್ದ ಗುರುತಿನಿಂದ ತಮ್ಮ ಮನೆ ಇದ್ದ ಜಾಗ ತೋರಿಸಿದಳು. ಆಚೆಯ ಕಪ್ಪು ಬಂಡೆಗೊಂದು ಹೆಸರು ಹೇಳಿದಳು, ಅದರ ಹಿಂದಿನ ಮೀನಿನ ಮಡುವಿಗೊಂದು, ಅಲ್ಲಿ ಬೀಸುವ ಸಂಜೆಗಾಳಿಗೊಂದು. ಮೂರೂ ಎಮಲೈನಾ ಜನ್ಮದಲ್ಲಿ ಕೇಳಿರದ ಹೆಸರುಗಳು. ಅವಳ ಕೈ ತಾನಾಗಿ ಚೀಲದೊಳಗಿನ ಬರೆಯುವ ಪುಸ್ತಕಕ್ಕೆ ಹೋಯಿತು.

"ಬರ್ಕೊಳ್ಲಾ ಅಕ್ಕಾ?"

ಮುದುಕಿ ನಿಂತಳು. "ನಿಮ್ ಕೈಲಿ ಬೇಡ," ಎಂದಳು. ಸಿಟ್ಟಿನಿಂದಲ್ಲ, ಅಡುಗೆಗೆ ಉಪ್ಪು ಸಾಕು ಎನ್ನುವ ಹಾಗೆ. "ಆ ಹುಡುಗಿ ಬರ್ಕೊಳ್ಲಿ."

ನೋಹೆಯಾ ಎಮಲೈನಾಳ ಕಡೆ ನೋಡಿದಳು. ಎಮಲೈನಾ ತನ್ನ ಪುಸ್ತಕ, ಪೆನ್ಸಿಲು ಎರಡನ್ನೂ ಅವಳ ಕೈಗಿತ್ತು, ನಾಲ್ಕು ಹೆಜ್ಜೆ ಹಿಂದೆ ಸರಿದು ಒಂದು ಕಲ್ಲಿನ ಮೇಲೆ ಕೂತಳು. ಗಾಳಿ ಜೋರಾಗಿತ್ತು. ಮುದುಕಿಯ ಮಾತು ಅಲ್ಲಿಗೆ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಹತ್ತಿರ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ, ಎದ್ದು ವ್ಯಾನಿಗೆ ಹೋಗಲು ಮನಸ್ಸೂ ಬರಲಿಲ್ಲ. ಅವರಿಬ್ಬರೂ ಮುಗಿಸುವವರೆಗೆ ಅಲ್ಲೇ ಕೂತಿದ್ದಳು.