ಕುಂಕುಮ ಹಚ್ಚಿದ ಎರಡು ಬೋಲ್ಟು

ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಲೇಥ್ ಅಂಗಡಿ ಇತ್ತು. ಎಣ್ಣೆ ಎಂಜಿನ್ನಿಗೆ ಬೆಲ್ಟು ಹಾಕಿ ಓಡಿಸುತ್ತಿದ್ದೆ. ಲಾರಿ ಕೆಲಸವೇ ಹೆಚ್ಚು. ಬಂದೂಕು ರಿಪೇರಿಯ ಪರವಾನಗಿಯೂ ಇದ್ದದ್ದರಿಂದ ಗದ್ದೆಗೆ ಬೀಳುವ ಕಾಡುಹಂದಿ ಕಾಯುವವರ ಕೋವಿಗಳೂ ಬರುತ್ತಿದ್ದವು. ಕೂದಲೆಳೆಯ ಲೆಕ್ಕದಲ್ಲಿ ಉಕ್ಕು ಹೆರೆಯುವವನು ತಾಲೂಕಿಗೇ ನಾನೊಬ್ಬ ಎಂಬ ಜಂಬ ನನಗಿತ್ತು. ಮುಚ್ಚಿಡುವುದೇಕೆ, ಇತ್ತು.

ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಒಂದು ನವರಾತ್ರಿ. ಒಂದೇ ಮಾದರಿಯ ಎರಡು ರೈಫಲ್ಲು ನನ್ನಲ್ಲಿದ್ದವು. ಒಂದು ಗುಡ್ನಾಪುರದ ಕಡೆಯ ಗೌಡರದು, ಇನ್ನೊಂದು ಪಿಂಚಣಿ ಪಡೆದು ಕಿರವತ್ತಿಯಲ್ಲಿ ಗದ್ದೆ ಮಾಡಿಕೊಂಡಿದ್ದ ಸಿಪಾಯಿಯವರದು. ರೈಫಲ್ಲಿನ ಹಿಂಬಾಗಿಲಿಗೆ ಬೋಲ್ಟು ಎನ್ನುತ್ತೇವೆ. ಅದು ಒಳಗಿನ ಗುಂಡಿನ ಬೆನ್ನಿಗೆ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಗುಂಡಿನ ಹಿತ್ತಾಳೆ ಒಡೆದು ಬೆಂಕಿಯೆಲ್ಲ ಗುಂಡು ಹಾರಿಸಿದವನ ಮುಖಕ್ಕೇ ಬರುತ್ತದೆ. ಸಿಪಾಯಿಯವರ ನಳಿಗೆಯ ಬುಡವನ್ನು ಎರಡು ದಿನ ಲೇಥಿಗೆ ಕೊಟ್ಟು, ಅವರ ಬೋಲ್ಟಿಗೆ ಹೊಂದಿಸಿದ್ದೆ. ಪರೀಕ್ಷೆಗೆ ಗುಂಡಿನ ಆಕಾರದ್ದೇ ಒಂದು ಉಕ್ಕಿನ ಗೇಜು ಇತ್ತು; ಅದನ್ನು ಒಳಗಿಟ್ಟು ಬೋಲ್ಟು ಮುಚ್ಚಿದರೆ ಬಿಗಿಯೋ ಸಡಿಲವೋ ತಿಳಿಯುತ್ತದೆ.

ಆಯುಧ ಪೂಜೆಯ ದಿನ ಉಪಕರಣಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಮಣೆಯ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿದೆ. ಎರಡೂ ಬೋಲ್ಟುಗಳನ್ನು ಬಿಚ್ಚಿ ಅಲ್ಲೇ ಇಟ್ಟೆ. ಮರುದಿನ ವಿಜಯದಶಮಿಯ ಸಂಜೆ ಪೂಜೆ ಎತ್ತುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಅಪ್ಪನ ಕಾಲದಿಂದ ಬಂದ ಪದ್ಧತಿ.

ವಿಜಯದಶಮಿಯ ಬೆಳಿಗ್ಗೆಯೇ ಸಿಪಾಯಿ ಬಂದರು. "ಗದ್ದಿಗೆ ಹಂದಿ ಬೀಳಾಕತ್ತಾವ್ರಿ. ಈಗಿನ ಬಸ್ಸಿಗೇ ಹೋಗ್ಬೇಕು, ಕೊಟ್ಬಿಡ್ರಿ" ಎಂದರು.

ಗಿರಾಕಿಯ ವಸ್ತು ನನ್ನ ಆಯುಧವಲ್ಲ ಎಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡು ಒಂದು ಬೋಲ್ಟು ಎತ್ತಿದೆ. ಗೇಜು ನನ್ನದು, ಅದನ್ನು ಮುಟ್ಟಲಿಲ್ಲ.

"ಅಳತೆ ನೋಡ್ದೇ ಕೊಡೂದಾ?" ಎಂದಳು ಹೆಂಡತಿ.

"ನಿಂಗೆಂತ ಗೊತ್ತು? ನಿನ್ನೆಯಷ್ಟೇ ನೋಡಿದ್ದು. ನೀ ಹೋಗಿ ಪಾಯಸ ತಿರುವು" ಎಂದು ರೇಗಿದೆ. ಬೋಲ್ಟು ಸಲೀಸಾಗಿ ಮುಚ್ಚಿಕೊಂಡಿತು. ಸಿಪಾಯಿ ನಗುತ್ತ ಬಸ್ಸು ಹತ್ತಿದರು.

ಸಂಜೆ ಪೂಜೆ ಎತ್ತಿ, ಗೌಡರ ರೈಫಲ್ಲಿಗೆ ಗೇಜು ಹಾಕಿದೆ. ಬೋಲ್ಟಿನ ಹಿಡಿ ಕೆಳಗಿಳಿಯಲೇ ಇಲ್ಲ. ಕುಂಕುಮ ಒರೆಸಿ ಬೋಲ್ಟಿನ ಮೇಲೆ ಕೆತ್ತಿದ್ದ ನಂಬರು ನೋಡಿದೆ. ಅದು ಸಿಪಾಯಿಯವರ ಬೋಲ್ಟು! ಹಾಗಾದರೆ ಅವರು ಒಯ್ದದ್ದು ಗೌಡರದು; ಇಲ್ಲಿ ಇದು ಎಷ್ಟು ಬಿಗಿಯೋ ಅಲ್ಲಿ ಅದು ಅಷ್ಟೇ ಸಡಿಲ.

ಓಡಿದೆ. ಕಿರವತ್ತಿಯ ದಾರಿಯ ಯಲ್ಲಾಪುರಕ್ಕೆ ಹೋಗುವ ಕೊನೆಯ ಬಸ್ಸು ಹೋಗಿಯಾಗಿತ್ತು. ತಂತಿ ಕೊಡೋಣವೆಂದರೆ ಅಂಚೆ ಕಚೇರಿಗೆ ರಜೆ. ಪರಿಚಯದ ಲಾರಿ ಸಾಹೇಬರು ಹಾರ ಹಾಕಿ ನಿಲ್ಲಿಸಿದ್ದ ತಮ್ಮ ಲಾರಿ ತೋರಿಸಿ, "ಡ್ರೈವರ್ ಹಬ್ಬಕ್ಕೆ ಊರಿಗೆ ಹೋಗ್ಯಾನೆ ಭಾಯ್, ನಂಗೆ ಓಡ್ಸೂಕೆ ಬರೂದಿಲ್ಲ" ಎಂದು ಕೈಚೆಲ್ಲಿದರು. ಆ ಬೋಲ್ಟನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆ. ಇವತ್ತೊಂದು ದಿನ ಹಂದಿ ಬಾರದಿರಲಿ ಎಂದು ಬೇಡಿಕೊಳ್ಳುವುದು ಬಿಟ್ಟರೆ ನನ್ನಿಂದ ಆಗುವುದು ಏನೂ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋಗಿ ಕಿರವತ್ತಿಯಲ್ಲಿ ಇಳಿದರೆ, ಹಂದಿ ಬಂದಿತ್ತು. ಸಿಪಾಯಿಯವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದಿದ್ದರು.

ಅವರು ಮನೆಗೆ ಬಂದ ಮೇಲೆ ಮತ್ತೆ ಹೋದೆ. ಬಲಗಣ್ಣು ಹೋಗಿತ್ತು. ಅವರ ಕಾಲ ಬುಡದಲ್ಲಿ ಕುಳಿತು ಎಲ್ಲ ಹೇಳಿದೆ, ಬೋಲ್ಟು ಅದಲುಬದಲಾದದ್ದು, ಅಳತೆ ನೋಡದೆ ಕೊಟ್ಟದ್ದು. ಅವರು ನನ್ನ ಭುಜ ತಡವಿದರು.

"ಹಳೇ ಗುಂಡು ಹಾಕಿದಾಂವ ನಾನು. ನನ್ನ ಸಮಾಧಾನಕ್ಕಂತ ನೀವ್ಯಾಕ್ರಿ ತಪ್ಪು ಮೈಮ್ಯಾಲೆ ಎಳ್ಕೋತೀರಿ? ನಿಮ್ಮ ಕೈಕೆಲಸ ನಂಗೊತ್ತಿಲ್ಲೇನು?" ಎಂದು, ಚಹಾ ತರಲು ಮಗಳನ್ನು ಕೂಗಿದರು.

ಎರಡನೇ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ. ಚಹಾ ಕುಡಿದೆ.