ಕುಪ್ಪೇಲೂರಿನ ಗಂಡಸರು ತಿಂದ ಕೂಸಿನ ಪುಡಿ

ಕುಪ್ಪೇಲೂರಿನ ಅಂಗನವಾಡಿ ಅಕ್ಕೋರು ಕುಲ್ಸುಮಬಿ ಬ್ಯಾಡಗಿಯವಳು. ಅಲ್ಲಿನ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ನಬಿಸಾಬನ ಮಗಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಸೈಕಲ್ ರಿಪೇರಿಯ ಶಮಶೇರಸಾಬನ ಕೈಹಿಡಿದು ಈ ಊರಿಗೆ ಬಂದಳು. ೧೯೮೬ರಲ್ಲಿ ಊರಿಗೆ ಅಂಗನವಾಡಿ ಬಂದಾಗ ಓದಿದ ಹೆಂಗಸು ಬೇರೆ ಯಾರೂ ಸಿಗದೆ ಆ ಕೆಲಸ ಅವಳಿಗೇ ಸಿಕ್ಕಿತು. ಜಾಗ ಕೊಟ್ಟವನು ಭರಮಣ್ಣ. ದನದ ಕೊಟ್ಟಿಗೆಗೆ ಹೊಂದಿಕೊಂಡ ಒಂದು ಕೋಣೆ, ಬಾಡಿಗೆಯಿಲ್ಲದೆ. ಒಂದು ಕಾಲಕ್ಕೆ ಕುಸ್ತಿ ಹಿಡಿದ ಆಸಾಮಿ. ಐವತ್ತೈದು ದಾಟಿದ್ದರೂ ಮೀಸೆಗೆ ಎಣ್ಣೆ ಹಚ್ಚಿ ತಿರುವದೆ ಹೊರಗೆ ಬರುತ್ತಿರಲಿಲ್ಲ.

ರಾಣೇಬೆನ್ನೂರಿನಿಂದ ತಿಂಗಳಿಗೊಮ್ಮೆ ಪುಡಿಯ ಚೀಲಗಳು ಬರುತ್ತಿದ್ದವು. ಗೋಧಿ, ಕಡಲೆ, ಸೋಯಾ ಹುರಿದು ಬೀಸಿ, ಬೆಲ್ಲ ಬೆರೆಸಿದ ಪುಡಿ. ಮೂರು ವರ್ಷದೊಳಗಿನ ಕೂಸುಗಳ ಪಾಲನ್ನೂ ಮೊಲೆಯುಣಿಸುವ ತಾಯಂದಿರ ಪಾಲನ್ನೂ ಮನೆಗೇ ಅಳೆದು ಕೊಡಬೇಕು.

"ಬರೀ ಗಂಜಿ ತಿಳಿ, ರೊಟ್ಟಿ ಚೂರು ಕೊಟ್ರ ಕೂಸು ಬೆಳೆಯೂದಿಲ್ಲರ್ವಾ. ಕಾಳಿನ ಸತ್ವ ಹೊಟ್ಟಿಗೆ ಹೋಗಬೇಕು, ಮೈ ತುಂಬೂದು ಅದರಿಂದನ" ಎಂದು ಕುಲ್ಸುಮಬಿ ಮನೆಮನೆಗೆ ಹೇಳಿ ಬಂದಳು. ತಾಯಂದಿರು ತಲೆಯಾಡಿಸಿದರು. ಪುಡಿಯೇನೋ ಖಾಲಿಯಾಗುತ್ತಿತ್ತು, ಆದರೆ ತೊಲೆಗೆ ನೇತುಹಾಕಿದ ತಕ್ಕಡಿಯ ಮುಳ್ಳು ಮೇಲೇರಲಿಲ್ಲ. ಭರಮಣ್ಣನ ಮೊಮ್ಮಗ, ಹದಿನಾಲ್ಕು ತಿಂಗಳ ಗುಡದಪ್ಪ, ಮೂರು ತಿಂಗಳಿಂದ ಆರೂವರೆ ಕಿಲೋದಲ್ಲೇ ಇದ್ದ.

"ಪುಡಿ ತಿನ್ನಸ್ತೀಯೋ ಇಲ್ಲೋ?" ಎಂದು ಅವನ ತಾಯಿ ಕರೆವ್ವನನ್ನು ಕೇಳಿದರೆ ಆಕೆ ಸೆರಗಿನ ತುದಿ ತಿರುವುತ್ತ ನೆಲ ನೋಡಿದಳು.

ಮರುದಿನ ಬೆಳಿಗ್ಗೆ ಕುಲ್ಸುಮಬಿ ಹೇಳದೆ ಕೇಳದೆ ಅವರ ಮನೆಗೆ ಹೋದಳು. ಕಟ್ಟೆಯ ಮೇಲೆ ಭರಮಣ್ಣ ಕುಳಿತಿದ್ದ. ಮುಂದಿನ ತಾಟಿನಲ್ಲಿ ತುಪ್ಪ ಹಾಕಿ ಕಟ್ಟಿದ ಐದು ಉಂಡಿ. ಮೀಸೆಯ ಮೇಲೆಲ್ಲ ಪುಡಿ.

"ಬರ್ರಿ ಅಕ್ಕೋರ, ಕುಂದ್ರಿ. ಸರಕಾರದ ಪುಡಿ ಭಾಳ ಛಲೋ ಐತಿ ನೋಡ್ರಿ. ನನ್ನ ಮೊಣಕಾಲ ನೋವು ಪೂರಾ ಹೋತು."

"ಕೂಸಿಗೆ?"

"ಅದು ಎಷ್ಟು ತಿಂದೀತ್ರಿ? ಉಳಿದದ್ದನ್ನ ಕೆಡಸೂದ್ಯಾಕ ಅಂತ ನಾ ತಿಂತೇನಿ."

ಮೂಲೆಯಲ್ಲಿ ಗುಡದಪ್ಪ ಒಣ ರೊಟ್ಟಿಯ ಚೂರು ಚೀಪುತ್ತಿದ್ದ. ಕುಲ್ಸುಮಬಿಗೆ ಬಾಯಿತುಂಬ ಬೈಯಬೇಕೆನಿಸಿತು. ಆದರೆ ಬೈದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಅಂಗನವಾಡಿಯೇ ಹೋಗುತ್ತದೆ. ವಿಚಾರಿಸಿ ನೋಡಿದರೆ ಇನ್ನೂ ನಾಲ್ಕೈದು ಮನೆಗಳಲ್ಲಿ ಇದೇ ಕಥೆ.

ಅವಳು ಸೀದಾ ಬೋರಿಂಗಿನ ಹತ್ತಿರ ಹೋದಳು. ಹೆಂಗಸರು ಕೊಡ ಸಾಲಾಗಿಟ್ಟು ನಿಂತಿದ್ದರು.

"ಅಲ್ಲರ್ವಾ, ಈ ಪುಡಿ ಎಳಿಗೂಸಿನ ಸಲುವಾಗಿ ಮಾಡಿದ್ದು. ಎದಿಹಾಲಿನ ಗುಣ ಕೂಡಿಸ್ಯಾರಂತ. ಬೆಳೆದ ಗಂಡಸರು ತಿಂದ್ರ..." ಎಂದು ಮಾತು ನಿಲ್ಲಿಸಿದಳು.

"ತಿಂದ್ರ?"

"ನನ್ನ ಬಾಯಿಲೆ ಹೆಂಗ ಹೇಳ್ಲಿ? ಮೀಸಿ ಕಡೆ ಲಕ್ಷ್ಯ ಇಟ್ಟಿರ್ರಿ, ಅಷ್ಟ."

ಉಳಿದದ್ದನ್ನು ಊರೇ ಹೇಳಿತು. ಮಧ್ಯಾಹ್ನಕ್ಕೆ ಮೀಸೆ ಉದುರುತ್ತದೆ ಎಂದಾಯಿತು, ಸಂಜೆಗೆ ದನಿ ಸಣ್ಣದಾಗುತ್ತದೆ ಎಂದಾಯಿತು. ಸುದ್ದಿ ಬಸ್ಸು ಹತ್ತಿ ರಾಣೇಬೆನ್ನೂರು ಮುಟ್ಟುವಷ್ಟರಲ್ಲಿ ಯಾವನದೋ ಎದೆ ಉಬ್ಬಿ ಅಂಗಿಯ ಗುಂಡಿಗಳೇ ಹಾರಿಹೋಗಿದ್ದವು. ಕ್ಷೌರದ ಮೈಲಪ್ಪನಿಗೂ ಚೇಷ್ಟೆಯ ಖಯಾಲಿ. ಭರಮಣ್ಣನ ಗದ್ದ ಕೆರೆಯುತ್ತಿದ್ದವನು ಕತ್ತಿ ನಿಲ್ಲಿಸಿ, "ಯಜಮಾನ್ರ, ಎಡಗಡೆ ಮೀಸಿ ಒಂಚೂರು ತೆಳ್ಳಗಾಗೇತಲ್ಲ?" ಎಂದ.

ಮೂರನೆಯ ದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಭರಮಣ್ಣ ಅಂಗನವಾಡಿಯ ಬಾಗಿಲಿಗೆ ಬಂದ. ಅಂಥ ಸೆಕೆಯಲ್ಲೂ ಎದೆ ತುಂಬ ಟವೆಲ್ಲು ಹೊದ್ದಿದ್ದ.

"ಅಕ್ಕೋರ, ಐರಣಿ ಊರಾಗ ನಮ್ಮ ಬೀಗ ಒಬ್ಬಾವ ಅದಾನ. ಪಾಪ, ತಿಳೀದ ಮೂರು ತಿಂಗಳು ಆ ಪುಡಿ ತಿಂದಾನ. ಏನರ ಔಷಧ ಐತೇನ್ರಿ?"

"ಹಂಗ ತಿಂದಾರೋ, ಉಂಡಿ ಕಟ್ಟಿ ತಿಂದಾರೋ?"

"ಉಂಡಿ ಕಟ್ಟಿ."

"ತುಪ್ಪ ಹಾಕಿ?"

ಭರಮಣ್ಣ ಎದೆಯ ಮೇಲಿನ ಟವೆಲ್ಲು ಬಿಗಿಯಾಗಿ ಎಳೆದುಕೊಂಡ. "ಸ್ವಲ್ಪ ಹಾಕಿರಬೇಕ್ರಿ."

ಕುಲ್ಸುಮಬಿ ತುಟಿ ಕಚ್ಚಿ ನಗು ತಡೆದಳು. "ಔಷಧ ಐತಿ. ತಿಂದಾವ್ರು ತಮ್ಮ ಕೈಲೆನ ಮನ್ಯಾಗಿನ ಕೂಸಿಗೆ ದಿನಕ್ಕ ಮೂರು ಸಲ ಪುಡಿ ಕಲಸಿ ತಿನ್ನಸಬೇಕು. ಬಿಸಿನೀರಾಗ, ಗಟ್ಟಿಯಾಗಿ. ಬಟ್ಟಲ ಖಾಲಿ ಆಗೂತನಕ ಏಳಬಾರದು. ನಲವತ್ತು ದಿನ."

"ಬೆರಳು ನೆಕ್ಕಬಹುದೇನ್ರಿ?"

"ತೊಳಕೊಳ್ರಿ ಅಂತ ಬೀಗರಿಗೆ ಹೇಳ್ರಿ."

ಆ ವಾರ ಬೇರೆ ಬೇರೆ ಊರಿನ ಬೀಗರ ಚಿಂತೆ ಹೊತ್ತು ಇನ್ನೂ ಮೂವರು ಗಂಡಸರು ಬಂದುಹೋದರು.

ಭರಮಣ್ಣ ಗುಡದಪ್ಪನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣಕ್ಕಿಳಿದ. ಮೊದಲ ದಿನ ಪುಡಿಯೆಲ್ಲ ಅಜ್ಜನ ಅಂಗಿಯ ಮೇಲೆ. ಆಮೇಲೆ ಕಾಗೆ ತೋರಿಸಿ ಒಂದು ತುತ್ತು, ಎಮ್ಮೆಯಂತೆ ಕೂಗಿ ಒಂದು ತುತ್ತು, ಒಳಗೆ ಇಳಿಯತೊಡಗಿತು. ಅಜ್ಜ ಬಾಯಿ ತೆರೆಯದೆ ಮೊಮ್ಮಗನೂ ತೆರೆಯುತ್ತಿರಲಿಲ್ಲ. ಹಾಗಾಗಿ ಹಿಂದೆ ಐದೈದು ಉಂಡಿ ಮುಗಿಸುತ್ತಿದ್ದ ಭರಮಣ್ಣ ಈಗ ಬರೀ ಗಾಳಿ ನುಂಗುತ್ತ ಕುಳಿತಿರಬೇಕಾಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು.

ಒಂದು ದಿನ ಕರೆವ್ವ ಮೆಲ್ಲಗೆ ಬಂದು ಕೇಳಿದಳು: "ಅಕ್ಕೋರ, ಹೆಂಗಸರು ತಿಂದ್ರ ಏನಾಗ್ತೈತ್ರಿ?"

"ಹೊಟ್ಟಿ ತುಂಬತೈತಿ. ನಿನ್ನ ಪಾಲು ಇಲ್ಲೇ ಕುಂತು ತಿಂದು ಹೋಗು."

ಕರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಕುಲ್ಸುಮಬಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಎರಡು ತಿಂಗಳಿಗೆ ಗುಡದಪ್ಪ ಏಳೂವರೆ ಕಿಲೋ ಆದ. ಮುಂದಿನ ತೂಕದ ದಿನ ಬರುವಷ್ಟರಲ್ಲಿ ಶಮಶೇರಸಾಬನ ಹೊಟ್ಟೆಯಲ್ಲಿ ಗುಟ್ಟು ಉಳಿಯದೆ ಹೋಯಿತು. ಪಂಕ್ಚರ್ ಹಾಕಿಸಲು ಬಂದವನೊಬ್ಬನಿಗೆ ನಗುನಗುತ್ತ ಎಲ್ಲ ಹೇಳಿಬಿಟ್ಟ. ಮರುದಿನ ತೂಕದ ದಿನ. ತಾಯಂದಿರೆಲ್ಲ ಕೂಸು ಎತ್ತಿಕೊಂಡು ಸೇರಿದ್ದಾಗ ಭರಮಣ್ಣ ಒಳಗೆ ಬಂದು ನಿಂತ.

"ಖರೇ ಹೇಳ್ರಿ ಅಕ್ಕೋರ. ಮೀಸಿಗೂ ಪುಡಿಗೂ ಏನರ ಸಂಬಂಧ ಐತಿ?"

"ಇಲ್ಲ ಕಾಕಾರ."

"ಊರ ಮಂದಿ ಎದುರಿಗೆ ನನ್ನ ಎಮ್ಮಿ ಹಂಗ ಒದರಿಸಿದ್ರಲ್ಲ!"

"ಒದರ್ರಿ ಅಂತ ನಾ ಹೇಳಿರಲಿಲ್ರಿ" ಎಂದು ಕುಲ್ಸುಮಬಿಯ ಬಾಯಿ ಜಾರಿತು. ಚೀಲ, ಚಾಪೆ, ತಕ್ಕಡಿ ಹೊತ್ತು ಎಲ್ಲಿಗೆ ಹೋಗುವುದೆಂದು ಆ ಕ್ಷಣಕ್ಕೇ ಯೋಚಿಸತೊಡಗಿದಳು. ದನಿ ಇಳಿಸಿ, "ತಪ್ಪಾತ್ರಿ. ಆದ್ರ ನೆಟ್ಟಗ ಹೇಳಿದ್ರ ನೀವು ಕೇಳ್ತಿದ್ರೇನು?" ಎಂದಳು.

ಭರಮಣ್ಣ ಸೊಸೆಯ ಸೊಂಟದಿಂದ ಗುಡದಪ್ಪನನ್ನು ಇಸಿದುಕೊಂಡು ತಾನೇ ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿದ. ಮುಳ್ಳು ಏಳೂಮುಕ್ಕಾಲಿಗೆ ಬಂದು ನಿಂತಿತು. "ಬರಕೊಳ್ರಿ" ಎಂದ, ಮುಖ ಬೇರೆ ಕಡೆ ತಿರುಗಿಸಿ.

ಆಮೇಲೆ ಒಂದು ತಿಂಗಳು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಆದರೆ ಕೋಣೆ ಬಿಡಿ ಎನ್ನಲಿಲ್ಲ, ತಿನ್ನಿಸುವ ಕೆಲಸವನ್ನು ಬೇರೆಯವರಿಗೂ ಬಿಡಲಿಲ್ಲ. ಕುಲ್ಸುಮಬಿ ಅದೇ ಕೋಣೆಯಲ್ಲಿ ಹನ್ನೊಂದು ವರ್ಷ ಅಂಗನವಾಡಿ ನಡೆಸಿದಳು. ಹೊಸದಾಗಿ ಕೆಲಸಕ್ಕೆ ಸೇರಿದವರು ತರಬೇತಿಯಲ್ಲಿ, "ನಿಮ್ಮೂರ ಅಜ್ಜಗೋಳು ಪುಡಿ ಮುಟ್ಟೂದಿಲ್ಲಂತಲ್ಲ, ಏನು ಮಾಡಿದ್ರಿ?" ಎಂದು ಕೇಳಿದರೆ, ಗಂಭೀರವಾಗಿ ಮುಖ ಮಾಡಿಕೊಂಡು, "ತಿಳಿಸಿ ಹೇಳಿದ್ನಿರಿ" ಎನ್ನುತ್ತಿದ್ದಳು.