ರೈಲು ಗೇಟಿನ ಹನ್ನೊಂದು ನಿಮಿಷ

ವಿಲ್ಮಿಂಗ್ಟನ್‌ನಲ್ಲಿ ಪೂರ್ತಿ ಬೆಳಕು ಹರಿಯುವ ಮೊದಲೇ ರೈಲು ಗೇಟು ಬೀಳುತ್ತದೆ. ಬಂದರಿಗೆ ಹೊರಟ ಲಾರಿಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಗೇಟಿನ ಕಂಬಕ್ಕೆ ಒರಗಿ ನಿಂತಿರುವ ರುತೀಲಿಯೊ ಮೆಂಹೀವಾರ್ ಕಿವಿಗೊಟ್ಟು ಕೇಳುತ್ತಾರೆ. ಗೂಡ್ಸ್ ಗಾಡಿಯ ಮುಂದೆ ಮೂರು ಎಂಜಿನ್ ಇದ್ದರೆ ಏಳು ನಿಮಿಷ, ನಾಲ್ಕಿದ್ದರೆ ಹನ್ನೊಂದು. ಇವತ್ತು ನಾಲ್ಕು. ಅವರು ಹೆಗಲ ಚೀಲವನ್ನು ಮುಂದಕ್ಕೆ ಎಳೆದುಕೊಂಡು ಮೊದಲ ಲಾರಿಯತ್ತ ದಾಪುಗಾಲು ಹಾಕುತ್ತಾರೆ.

ಹನ್ನೊಂದು ನಿಮಿಷಕ್ಕೆ ಒಂಬತ್ತು ಬಾಗಿಲು ತಟ್ಟಬಹುದು. ಅದಕ್ಕಿಂತ ಹೆಚ್ಚು ಇದುವರೆಗೆ ಅವರಿಂದ ಆಗಿಲ್ಲ. ವಯಸ್ಸು ಅರವತ್ತೊಂದು, ಎಡ ಮಂಡಿ ಮಾತು ಕೇಳುವುದಿಲ್ಲ, ಲಾರಿಯ ಮೆಟ್ಟಿಲು ಎತ್ತರ.

“ಇನ್ನೂ ಸತ್ತಿಲ್ವೇನೋ ಮುದುಕಾ?” ಮೊದಲ ಲಾರಿಯ ಎಲ್ಮೆರ್ ಕಿಟಕಿ ಇಳಿಸಿ ಕೇಳುತ್ತಾನೆ.

“ನೀನು ಹಾಕಿರೋ ಸಹಿ ಹಳಸೋವರೆಗೂ ಸಾಯಲ್ಲ. ಬೇಗ ಹೇಳು, ಹಿಂದೆ ನಮ್ಮ ಕಂಪನಿಯೋರು ಯಾರ್ಯಾರಿದಾರೆ?”

“ಮೂರನೇದು ನಮ್ದೇ. ಹೊಂಡುರಾಸಿನೋನು, ಹೊಸಬ. ಪುಕ್ಕಲು ನನ್ಮಗ. ಆಮೇಲೆ...” ಎಲ್ಮೆರ್ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಾನೆ. “ಆರನೇದು ನಿಂಗೇ ಗೊತ್ತಲ್ಲ.”

ಮೂರನೆಯ ಲಾರಿಯವನು ಗಾಜು ಇಳಿಸುವುದಿಲ್ಲ. ಒಳಗಿಂದಲೇ ತಲೆಯಾಡಿಸಿ, ಮೇಲೆ ಅಂಟಿಸಿರುವ ಕ್ಯಾಮೆರಾದತ್ತ ಕಣ್ಣು ತೋರಿಸುತ್ತಾನೆ. ರುತೀಲಿಯೊ ಕೈಯೆತ್ತಿ, ಸರಿ ಬಿಡು ಅನ್ನುತ್ತಾರೆ. ಸಂಘದ ಸಹಿ ಕಾರ್ಡನ್ನು ವೈಪರಿಗೆ ಸಿಕ್ಕಿಸಿ ಬರುವ ಅಭ್ಯಾಸ ಅವರಿಗಿಲ್ಲ. ಕಂಪನಿಯ ಗೇಟಿನಲ್ಲಿ ಅದು ಕಣ್ಣಿಗೆ ಬಿದ್ದರೆ ಆ ಹುಡುಗನ ಅನ್ನಕ್ಕೆ ಕಲ್ಲು. ನಾಲ್ಕು ಮತ್ತು ಐದನೆಯವರು ಬೇರೆ ಕಂಪನಿಯವರು. ಆರನೆಯದು ನೀಲಿ ಲಾರಿ, ಬಾಗಿಲ ಮೇಲೆ ಇಪ್ಪತ್ತೇಳು ಎಂಬ ಸಂಖ್ಯೆ. ರುತೀಲಿಯೊ ಮುಖ ಆಚೆ ತಿರುಗಿಸಿ ಅದನ್ನು ದಾಟಿಕೊಂಡು ಏಳನೆಯದಕ್ಕೆ ಹೋಗುತ್ತಾರೆ. ಅಕ್ಟೋಬರಿನಿಂದ ದಿನವೂ ಹೀಗೇ ನಡೆದಿದೆ. ಆದರೆ ಇವತ್ತು ಹಾಗೆ ದಾಟಿಹೋಗುವುದು ಕಷ್ಟ.

ಏಕೆಂದರೆ ಚೀಲದಲ್ಲಿ ನಲವತ್ತೇಳು ಕಾರ್ಡುಗಳಿವೆ, ಬೇಕಾಗಿರುವುದು ನಲವತ್ತೆಂಟು. ಕಂಪನಿಗೆ ಕಂಟೇನರ್ ಸಾಗಿಸುವವರು ತೊಂಬತ್ತನಾಲ್ಕು ಜನ. ನಮಗೊಂದು ಸಂಘ ಬೇಕು ಎಂದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಹಿ ಹಾಕದೆ ಸಂಘದ ಬಗ್ಗೆ ಮತದಾನ ನಡೆಸಿ ಎಂದು ಸರ್ಕಾರಕ್ಕೆ ಅರ್ಜಿ ಹಾಕುವುದಿಲ್ಲ ಎಂಬುದು ಸಂಘದ ವಕೀಲೆಯ ಹಟ. ಸಹಿ ಹಾಕಿದ ಕಾರ್ಡಿಗೆ ಆಯುಸ್ಸು ಒಂದೇ ವರ್ಷ. ಚೀಲದಲ್ಲಿರುವ ಹತ್ತೊಂಬತ್ತು ಕಾರ್ಡುಗಳಿಗೆ ನಾಳೆ ಒಂದು ವರ್ಷ ತುಂಬುತ್ತದೆ. ಇವತ್ತು ಸಂಜೆಯೊಳಗೆ ಇನ್ನೊಂದು ಸಹಿ ಸಿಗದಿದ್ದರೆ ಆ ಹತ್ತೊಂಬತ್ತೂ ಕಸ. ತೂತು ಕೊಡ ಹೊತ್ತುಕೊಂಡು ನೀರಿಗೆ ಹೋದಂತಾಗಿದೆ ಅವರ ಪಾಡು.

ಹೋದ ವರ್ಷ ಈ ಚಿಂತೆ ಇರಲಿಲ್ಲ. ಆಗ ಸಾಲು ಇತ್ತು. ಬಂದರಿನ ಗೇಟಿನಿಂದ ಎರಡು ಮೈಲಿ ಉದ್ದಕ್ಕೆ, ಬೆಳಿಗ್ಗೆ ನಾಲ್ಕಕ್ಕೇ ಶುರುವಾಗುವ ಲಾರಿಗಳ ಸಾಲು. ಒಂದು ಕಂಟೇನರ್ ಎತ್ತಿಕೊಳ್ಳಲು ನಾಲ್ಕು ತಾಸು ಕಾಯಬೇಕು. ಕಾಯುವ ತಾಸಿಗೆ ಕೂಲಿಯಿಲ್ಲ, ಇಳಿದು ಹೋಗಲು ಶೌಚಾಲಯವಿಲ್ಲ, ಬಾಟಲಿಯೇ ಗತಿ. ಎಲ್ಲರೂ ಆ ಸಾಲಿಗೆ ಹಿಡಿಶಾಪ ಹಾಕುತ್ತಿದ್ದರು. ಹಾಕುತ್ತಲೇ ಲಾರಿಯ ಮೂತಿಯ ಮೇಲೆ ಡಾಮಿನೊ ಆಡುತ್ತಿದ್ದರು, ಒಬ್ಬರ ಟೈರಿಗೆ ಇನ್ನೊಬ್ಬರು ಗಾಳಿ ತುಂಬುತ್ತಿದ್ದರು. ಒತೀಲಿಯಾ ಎಂಬ ಹೆಂಗಸು ತಳ್ಳುಗಾಡಿಯಲ್ಲಿ ಬಿಸಿ ಪುಪುಸಾ ಇಟ್ಟುಕೊಂಡು ಸಾಲಿನುದ್ದಕ್ಕೂ ಬರುತ್ತಿದ್ದಳು. ಚೀಸ್ ತುಂಬಿದ ಆ ಜೋಳದ ರೊಟ್ಟಿ ತಿನ್ನುತ್ತ ನಿಂತವರ ನಡುವೆಯೇ ಸಂಘದ ಮಾತು ಹುಟ್ಟಿದ್ದು.

“ಮೊದಲ್ನೇ ಬೇಡಿಕೆ ನಾನೇ ಬರೆದಿದ್ದು. ಸಾಲು ತೆಗೀರಿ ಅಂತ. ದೊಡ್ಡ ಅಕ್ಷರದಲ್ಲಿ ಬರೆದಿದ್ದೆ, ದೂರದಿಂದ್ಲೂ ಕಾಣ್ಲಿ ಅಂತ,” ಎನ್ನುತ್ತಾರೆ ರುತೀಲಿಯೊ.

ಒಂದು ಬೆಳಿಗ್ಗೆ ಇಡೀ ಸಾಲು ಎಂಜಿನ್ ಆರಿಸಿ ಕೂತಿತು. ಮೂರು ತಾಸು ಒಂದು ಪೆಟ್ಟಿಗೆಯೂ ಅಲುಗಲಿಲ್ಲ. ತಿಂಗಳೊಳಗೆ ಬಂದರಿನವರು ಮಣಿದರು. ಇನ್ನು ಮುಂದೆ ಮೊಬೈಲಿನಲ್ಲಿ ಹೊತ್ತು ಗೊತ್ತು ಮಾಡಿಕೊಂಡು, ಆ ಹೊತ್ತಿಗೆ ಸರಿಯಾಗಿ ಒಬ್ಬೊಬ್ಬರೇ ಬಂದು ಹೋಗಬಹುದು. ಸಾಲಿನ ಕೊನೆಯ ದಿನ ಜನ ರಸ್ತೆಯಲ್ಲೇ ಕುಣಿದರು. ಆ ಖುಷಿಯಲ್ಲೇ ಹತ್ತೊಂಬತ್ತು ಮಂದಿ ಸಹಿ ಹಾಕಿದರು. ನಾಳೆ ಹಳಸಲಿರುವ ಕಾರ್ಡುಗಳು ಅವೇ.

ಮಾರನೆಯ ದಿನದಿಂದ ಯಾರೂ ಯಾರಿಗೂ ಸಿಗಲಿಲ್ಲ. ಒಬ್ಬ ಆರೂವರೆಗೆ ಬಂದರೆ ಇನ್ನೊಬ್ಬ ಏಳಕ್ಕೆ. ಕಿಟಕಿಯಿಂದ ಕೈಬೀಸುವಷ್ಟರಲ್ಲಿ ಲಾರಿ ಮುಂದೆ ಹೋಗಿರುತ್ತಿತ್ತು. ಒತೀಲಿಯಾ ಒಂದು ವಾರ ಬರಿ ರಸ್ತೆಯಲ್ಲಿ ಗಾಡಿ ತಳ್ಳಿ, ಆಮೇಲೆ ಮನೆಗೆಲಸಕ್ಕೆ ಸೇರಿಕೊಂಡಳು. ಸಭೆ ಕರೆದರೆ ಐದು ಜನ ಬಂದರು, ಮುಂದಿನ ಸಭೆಗೆ ಇಬ್ಬರು. ಬೇಡಿದ್ದು ಸಿಕ್ಕಿತ್ತು, ಸಂಘ ಕೈಜಾರಿತ್ತು. ಇದನ್ನು ಹೇಳುವಾಗ ರುತೀಲಿಯೊ ಯಾರನ್ನೂ ದೂರುವುದಿಲ್ಲ.

“ಕಂಪನಿ ಮಾಡಿದ್ದಲ್ಲ, ಬಂದರಿನೋರು ಮಾಡಿದ್ದಲ್ಲ. ಬಾಯಾರೆ ಕೇಳಿದೋನು ನಾನೇ. ನಾವು ನಿಲ್ತಾ ಇದ್ದಿದ್ದು ಅಲ್ಲೊಂದೇ ಕಡೆ ಅನ್ನೋದು ಹೊಳೀಲೇ ಇಲ್ಲ ನೋಡಿ.”

ಅವರು ಎಲ್ ಸಾಲ್ವಡಾರಿನ ಉಸುಲುತಾನಿನವರು. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದು, ಇಪ್ಪತ್ತೊಂಬತ್ತು ವರ್ಷ ಈ ಬಂದರಿನ ಪೆಟ್ಟಿಗೆಗಳನ್ನು ಹೊತ್ತಿದ್ದಾರೆ. ಹಳೆಯ ಹೊಗೆಲಾರಿಗಳು ಬೇಡ ಎಂದು ಬಂದರಿನವರು ಹೇಳಿದಾಗ ಕಂಪನಿಯೇ ಹೊಸದೊಂದನ್ನು ಕಂತಿನ ಮೇಲೆ ಕೊಟ್ಟಿತು. ಓದಲು ಬಾರದ ಭಾಷೆಯ ಕಾಗದಕ್ಕೆ ಲಾರಿ ಅಂಗಳದಲ್ಲಿ ನಿಂತೇ ಸಹಿ ಮಾಡಿದರು. ಆ ಕಾಗದದಲ್ಲಿ ಅವರು ಮಾಲೀಕರು. ಟೈರು ಒಡೆದರೆ ಮಾಲೀಕರು, ಡೀಸೆಲ್ ಮುಗಿದರೆ ಮಾಲೀಕರು. ಬೇರೊಬ್ಬರ ಸರಕು ಹೊರುವಂತಿಲ್ಲ, ಹೇಳಿದ ಹೊತ್ತಿಗೆ ಹೇಳಿದಲ್ಲಿ ನಿಲ್ಲಬೇಕು, ಹುಷಾರಿಲ್ಲ ಅನ್ನುವಂತಿಲ್ಲ. ಇಂಥ ಮಾಲೀಕತನ ಯಾವ ವೈರಿಗೂ ಬೇಡ.

ಸಂಘದ ಸುದ್ದಿ ಹಬ್ಬಿದ ಮೇಲೆ ಲೋಡು ಹಂಚುವ ಕಿಟಕಿಯಲ್ಲಿ ಅವರ ಹೆಸರು ಕರೆಯುವುದು ನಿಂತಿತು. ಲೋಡಿಲ್ಲದೆ ಕಂತು ತಪ್ಪಿತು. ಹನ್ನೊಂದು ವರ್ಷ ಓಡಿಸಿದ ಲಾರಿಯ ಕೀಲಿಯನ್ನು ಅಕ್ಟೋಬರಿನಲ್ಲಿ ಕಿತ್ತುಕೊಂಡರು. ಆ ಲಾರಿಯೇ ಇಪ್ಪತ್ತೇಳು. ಕಂಪನಿಯ ಲಾರಿ ಓಡಿಸದವರ ಸಹಿ ಎಣಿಕೆಗೆ ಬರುವುದಿಲ್ಲ, ಹಾಗಾಗಿ ಕೀಲಿ ಹೋದ ದಿನ ಅವರು ತಾವೇ ಹಾಕಿದ್ದ ಸಹಿಯೂ ಲೆಕ್ಕಕ್ಕಿಲ್ಲದಂತಾಯಿತು. ತಮ್ಮ ಕಾರ್ಡನ್ನು ಚೀಲದ ಒಳಜೇಬಿನಲ್ಲಿ ಹಾಗೆಯೇ ಇಟ್ಟುಕೊಂಡಿದ್ದಾರೆ.

ಕೀಲಿ ಕಳೆದುಕೊಂಡು ಬಸ್ಸಿನಲ್ಲಿ ಮನೆಗೆ ಹೋಗುವಾಗಲೇ ಈ ರೈಲು ಗೇಟು ಕಣ್ಣಿಗೆ ಬಿದ್ದದ್ದು. ಬಸ್ಸಿನ ಹಿಂದೆ ಹತ್ತು ಲಾರಿಗಳು ನಿಂತಿದ್ದವು. ರೈಲಿಗೆ ಯಾವ ಮೊಬೈಲಿನ ಹೊತ್ತೂ ಇಲ್ಲ, ಅದು ಎಲ್ಲರನ್ನೂ ನಿಲ್ಲಿಸುತ್ತದೆ. ಅವರು ಅಲ್ಲೇ ಇಳಿದುಬಿಟ್ಟರು. ಈಗ ಹಗಲು ಟೈರಂಗಡಿಯಲ್ಲಿ ದುಡಿಯುತ್ತಾರೆ, ಬೆಳಿಗ್ಗೆ ಇಲ್ಲಿ ಕಾಯುತ್ತಾರೆ.

ಇಪ್ಪತ್ತೇಳನೇ ಲಾರಿ ಹೋದದ್ದು ಸಾವುಲ್ ಅರ್ಗೇತಾನ ಕೈಗೆ. ಉಸುಲುತಾನಿನ ಅದೇ ಬೀದಿಯವನು. ಅವನ ಮಗಳಿಗೆ ದೀಕ್ಷಾಸ್ನಾನದ ದಿನ ಧರ್ಮಪಿತನಾಗಿ ನಿಂತವರು ರುತೀಲಿಯೊ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಪಾದ್ರೆ, ಅಂದರೆ ಜೊತೆ ತಂದೆ, ಎಂದೇ ಕರೆಯುತ್ತಿದ್ದರು. ಸಾವುಲ್‌ನ ಹಳೆಯ ಲಾರಿ ಕೆಟ್ಟು ಕೂತಿತ್ತು, ಕಂಪನಿ ಇದನ್ನು ಕೊಟ್ಟಿತು, ಅವನು ಬೇಡ ಅನ್ನಲಿಲ್ಲ.

“ಅವನು ತಗೊಳ್ದೇ ಇದ್ರೆ ಇನ್ಯಾರೋ ತಗೋತಿದ್ರು. ಒಪ್ಕೋತೀನಿ,” ಎನ್ನುತ್ತಾರೆ ರುತೀಲಿಯೊ ಅವರ ಹೆಂಡತಿ ದೆಲ್ಮಿ. “ಆದ್ರೆ ಆ ಇನ್ಯಾರೋ ನಮ್ಮನೇಲಿ ಕ್ರಿಸ್ಮಸ್ ಊಟ ಮಾಡಿರ್ಲಿಲ್ಲ.”

ಏಳನೆಯ, ಎಂಟನೆಯ ಲಾರಿಗಳಲ್ಲೂ ಅವರ ಕಂಪನಿಯವರಿಲ್ಲ. ರೈಲು ಇನ್ನೂ ಓಡುತ್ತಲೇ ಇದೆ. ರುತೀಲಿಯೊ ರಸ್ತೆಯ ನಡುವೆ ನಿಂತು ಚೀಲವನ್ನೊಮ್ಮೆ ತಡವಿಕೊಳ್ಳುತ್ತಾರೆ. ಆಮೇಲೆ ಹಿಂದಿರುಗಿ ಬಂದು ನೀಲಿ ಬಾಗಿಲನ್ನು ತಟ್ಟುತ್ತಾರೆ.

ಬಾಗಿಲು ಅಲುಗುತ್ತದೆ, ತೆರೆಯುವುದಿಲ್ಲ. “ಸ್ವಲ್ಪ ಮೇಲಕ್ಕೆತ್ತಿ ತಳ್ಳೋ,” ಎಂದು ಇವರೇ ಹೊರಗಿನಿಂದ ಹೇಳಿಕೊಡಬೇಕಾಗುತ್ತದೆ. ಒಳಗೆ ಸೀಟಿನ ಮೇಲೆ ದೆಲ್ಮಿ ಹೆಣೆದ ದಿಂಬು ಇದ್ದಲ್ಲೇ ಇದೆ.

“ಹತ್ತಿ ಬಾ, ಕಂಪಾದ್ರೆ,” ಎನ್ನುತ್ತಾನೆ ಸಾವುಲ್.

“ಬೇಡ. ಮಂಡಿ ನೋವು.”

“ಐದು ತಿಂಗಳಿಂದ ನೋಡ್ತಿದೀನಿ. ಮುಂದಿನ ಲಾರಿ ತಟ್ತೀಯ, ಹಿಂದಿನ ಲಾರಿ ತಟ್ತೀಯ. ನನ್ನ ಬಾಗಿಲಿಗೇನು ಸಿಡುಬು ಬಂದಿತ್ತಾ?”

“ಅದು ನನ್ನ ಬಾಗಿಲು ಕಣೋ.”

ಸಾವುಲ್ ಗೇರಿನ ಹಿಡಿಯನ್ನು ಅಲ್ಲಾಡಿಸುತ್ತಾನೆ. “ದಿನಾ ಹತ್ತುವಾಗ ಅದೇ ನೆನಪಾಗತ್ತೆ,” ಎನ್ನುತ್ತಾನೆ. “ಎರಡನೇ ಗೇರು ಬೀಳೋದೇ ಇಲ್ಲ ಮಾರಾಯಾ. ನೀನು ಹೆಂಗೆ ಓಡಿಸ್ತಿದ್ದೆ?”

“ಕ್ಲಚ್ಚನ್ನ ಒಂದೇ ಏಟಿಗೆ ತುಳೀಬೇಡ. ಅರ್ಧ ತುಳಿ, ಒಂದು ಉಸಿರು ಬಿಡು, ಆಮೇಲೆ ಎಳಿ.” ರುತೀಲಿಯೊ ಕಾರ್ಡು ತೆಗೆಯುತ್ತಾರೆ. “ಒಂದು ಕಮ್ಮಿ ಇದೆ. ಇವತ್ತೇ ಕೊನೆ ದಿನ.”

“ಸಹಿ ಹಾಕಿದ್ರೆ ನಂಗೂ ನಿನ್ನ ಗತಿನೇ ಅಲ್ವಾ?”

“ಹೌದು.”

“ಅಯ್ಯೋ, ಏನೂ ಆಗಲ್ಲ ಅಂತ ಒಂದು ಸುಳ್ಳಾದ್ರೂ ಹೇಳೋ.”

“ನಿನ್ನ ಮಗಳನ್ನ ಎತ್ಕೊಂಡು ದೇವರ ಮುಂದೆ ನಿಂತೋನು ನಾನು. ನಿಂಗೆ ಹೆಂಗೆ ಸುಳ್ಳು ಹೇಳ್ಲಿ?”

ಪೆನ್ನನ್ನು ಯಾರೂ ಮರೆತು ಒಯ್ಯದಿರಲೆಂದು ರುತೀಲಿಯೊ ಅದನ್ನು ಚೀಲಕ್ಕೆ ದಾರದಿಂದ ಕಟ್ಟಿದ್ದಾರೆ. ದಾರ ಗಿಡ್ಡ, ಸೀಟಿನವರೆಗೆ ಎಟುಕುವುದಿಲ್ಲ. ಸಾವುಲ್ ಇಳಿದು ಬರುತ್ತಾನೆ. ಇಪ್ಪತ್ತೇಳು ಎಂದು ಬರೆದಿರುವ ಕಡೆಯೇ ಕಾರ್ಡನ್ನು ಬಾಗಿಲಿಗೊತ್ತಿ ಸಹಿ ಹಾಕುತ್ತಾನೆ. ರುತೀಲಿಯೊ ಕಾರ್ಡು ಜಾರದಂತೆ ಅಂಚು ಹಿಡಿದುಕೊಳ್ಳುತ್ತಾರೆ. ಬೇಡ ಬಿಡು ಅನ್ನುವುದಿಲ್ಲ. ಗೇಟು ಮೇಲೇಳುತ್ತದೆ, ಹಿಂದಿನಿಂದ ಹಾರನ್ನುಗಳು ಕೂಗತೊಡಗುತ್ತವೆ.

ಅರ್ಜಿ ಅದೇ ಮಧ್ಯಾಹ್ನ ಸಲ್ಲಿಕೆಯಾಯಿತು. ಅದಕ್ಕೀಗ ಏಳು ವಾರ. ಇವರಲ್ಲಿ ಕೆಲಸಗಾರರೇ ಇಲ್ಲ, ಇರುವವರೆಲ್ಲ ತೊಂಬತ್ತನಾಲ್ಕು ಮಾಲೀಕರು ಎಂದು ಕಂಪನಿ ಉತ್ತರ ಕೊಟ್ಟಿದೆ. ವಿಚಾರಣೆ ಎರಡು ಸಲ ಮುಂದಕ್ಕೆ ಹೋಗಿದೆ. ಮತದಾನ ಯಾವಾಗ ಎಂದು ಕೇಳಿದರೆ ವಕೀಲೆ ಈ ವರ್ಷ ಎನ್ನುವುದನ್ನು ಬಿಟ್ಟಿದ್ದಾಳೆ. ಸಾವುಲ್‌ಗೆ ಮೊದಲು ಲೋಡು ಕಡಿಮೆಯಾಯಿತು, ನಾಲ್ಕನೇ ವಾರ ಕೀಲಿ ಹೋಯಿತು. ನೀಲಿ ಲಾರಿಯಲ್ಲಿ ಈಗ ಗುರುತಿಲ್ಲದ ಯಾರೋ ಕೂತಿರುತ್ತಾರೆ, ದಿಂಬು ಕಾಣುವುದಿಲ್ಲ.

ಗೇಟಿನ ಬಳಿ ಮಾತ್ರ ಒಂದು ಬದಲಾವಣೆಯಾಗಿದೆ. ರಸ್ತೆಯ ಈ ಬದಿಗೆ ರುತೀಲಿಯೊ ನಿಂತರೆ, ಆ ಬದಿಗೆ ಸಾವುಲ್ ನಿಲ್ಲುತ್ತಾನೆ. ಸಹಿ ಹಾಕಿದವರು ಹೆದರಿ ಜಾರಿಹೋಗದಂತೆ ಇಬ್ಬರೂ ಮಾತಾಡಿಸುತ್ತ ಬರುತ್ತಾರೆ. ನಾಲ್ಕು ಎಂಜಿನ್ನಿನ ಗಾಡಿ ಬಂದರೆ ಈಗ ಹದಿನೆಂಟು ಬಾಗಿಲು. ಇಬ್ಬರ ನಡುವೆ ಹೆಚ್ಚು ಮಾತಿಲ್ಲ. ದೆಲ್ಮಿ ಮಾತ್ರ ಬುತ್ತಿಯನ್ನು ಎರಡಾಳಿಗೆ ಕಟ್ಟತೊಡಗಿದ್ದಾರೆ.

ಮತದಾನ ನಡೆದರೂ ಇಬ್ಬರಿಗೂ ಮತವಿಲ್ಲ, ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹಾಗಿದ್ದ ಮೇಲೆ ಏನು ನೋಡಿಕೊಂಡು ಇಲ್ಲಿ ನಿಲ್ಲುತ್ತೀರಿ ಎಂದು ಕೇಳಿದರೆ ರುತೀಲಿಯೊ ಮಂಡಿಯನ್ನು ಉಜ್ಜಿಕೊಳ್ಳುತ್ತಾರೆ.

“ಓಟಿನ ದಿನ ಎಲ್ರೂ ಒಂದೇ ಕಡೆ ಬಂದು ಸಾಲಾಗಿ ನಿಲ್ಬೇಕಂತೆ, ವಕೀಲೆ ಹೇಳಿದ್ಲು. ಮುರಿದೋನು ನಾನಲ್ವಾ, ಆ ಸಾಲು ಇನ್ನೊಂದ್ಸಲ ಕೂಡೋದನ್ನ ರಸ್ತೆ ಆಚೆ ಕಡೆ ನಿಂತು ನೋಡಿದ್ರೆ ಸಾಕು. ಒತೀಲಿಯಾಗೂ ಹೇಳಿಟ್ಟಿದೀನಿ. ಅವತ್ತೊಂದು ದಿನ ಕೆಲಸಕ್ಕೆ ರಜಾ ಹಾಕಿ ಗಾಡಿ ತಗೊಂಡು ಬಾರಮ್ಮ, ತೊಂಬತ್ತು ಜನ ಹಸ್ಕೊಂಡು ನಿಂತಿರ್ತಾರೆ ಅಂತ.”